ನೇತ್ರಾಣಿಯಲ್ಲಿ ಕಿವಿ ಹಿಡಿದ ಕಥೆ

ನಮ್ಮ ಮನೆತನದಲ್ಲಿ ಉಳಿದಿರುವ ಪಿತ್ರಾರ್ಜಿತ ಆಸ್ತಿ ಎಂದರೆ ಉಸಿರೊಂದೇ. ಗದ್ದೆ ಟೆನೆನ್ಸಿಯಲ್ಲಿ ಹೋಯಿತು, ತೋಟ ಪಾಲಿನಲ್ಲಿ ಹೋಯಿತು. ಶ್ವಾಸಕೋಶಕ್ಕೆ ಮಾತ್ರ ಯಾವ ದಾಯಾದಿಯೂ ಕೈ ಹಾಕಲಿಲ್ಲ. ಊರ ದೇವಸ್ಥಾನದಲ್ಲಿ ಮಂಗಳಾರತಿಗೆ ಶಂಖ ಊದುವ ಕೆಲಸ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದದ್ದು. ಅಜ್ಜ ಊದಿದರೆ ಹೊಳೆಯಾಚೆಯ ಊರಿನ ಭಟ್ಟರು ತಮ್ಮ ದೇವರಿಗೂ ಆರತಿ ಎತ್ತಿಬಿಡುತ್ತಿದ್ದರಂತೆ. ನಾನು ಅಷ್ಟು ದೊಡ್ಡ ಕಲಾವಿದನಲ್ಲ. ಆದರೂ ರಥೋತ್ಸವದ ದಿನ ನಾನು ಶಂಖ ಎತ್ತಿದರೆ ಹತ್ತಿರ ನಿಂತ ತಾಯಂದಿರು ಮಕ್ಕಳ ಕಿವಿ ಮುಚ್ಚುತ್ತಾರೆ. ಅದನ್ನು ನಾನು ಪ್ರಶಸ್ತಿ ಎಂದೇ ಸ್ವೀಕರಿಸುತ್ತ ಬಂದಿದ್ದೇನೆ.

ಹೊಟ್ಟೆಪಾಡಿಗೆ ಶಿವಮೊಗ್ಗದ ಒಂದು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ನನಗೆ ನಿದ್ದೆಯಲ್ಲೂ ಬರುತ್ತದೆ: ಉಷ್ಣತೆ ಬದಲಾಗದಿದ್ದರೆ, ಒತ್ತಡ ಇಮ್ಮಡಿಯಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆ. ಸಿರಿಂಜಿನ ಬಾಯಿಗೆ ಬೆರಳೊತ್ತಿ, ಹಿಂದಿನಿಂದ ಪಿಸ್ಟನ್ ದೂಡಿ, ‘ನೋಡಿ, ಗಾಳಿ ಹೇಗೆ ಕುಗ್ಗಿತು’ ಎಂದು ವರ್ಷಾ ವರ್ಷಾ ಮಕ್ಕಳಿಗೆ ತೋರಿಸಿದ್ದೇನೆ. ಈ ನಿಯಮ ಸಿರಿಂಜಿಗೆ ಅನ್ವಯಿಸುತ್ತದೆ ಎಂಬುದರಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ನನ್ನ ತಲೆಬುರುಡೆಗೂ ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಇಂಥವನಿಗೆ ಬೆಂಗಳೂರಿನ ಭಾವಮೈದುನ ಫೋನ್ ಮಾಡಿದ. “ಭಾವ, ಮುರ್ಡೇಶ್ವರಕ್ಕೆ ಹೋಗ್ತಿದೀವಿ. ನೇತ್ರಾಣಿಯಲ್ಲಿ ಸ್ಕೂಬಾ. ನಿಮಗೂ ಅಕ್ಕನಿಗೂ ಬುಕ್ ಮಾಡಿಬಿಟ್ಟೆ. ದುಡ್ಡು ವಾಪಸ್ ಬರಲ್ಲ.” ನಮ್ಮಂಥವರ ಸಾಹಸಗಳಿಗೆಲ್ಲ ಆ ಕೊನೆಯ ಮಾತೇ ಪ್ರೇರಣೆ. ಆಗ ನನಗೆ ನೆಗಡಿ. ಡಿಸೆಂಬರಿನ ಚಳಿಗೆ ಬಂದ ಮಾಮೂಲಿ ನೆಗಡಿ, ಮೂಗಿನ ಒಂದು ಹೊಳ್ಳೆ ಸದಾ ರಜೆಯಲ್ಲಿ. ಕೊಟ್ಟ ದುಡ್ಡಿನ ಮುಂದೆ ಒಂದು ಹೊಳ್ಳೆ ಏನು ಮಹಾ ಎಂದುಕೊಂಡೆ.

ಸಾಗರ, ತಾಳಗುಪ್ಪ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವಾಗ ಎರಡೂ ಕಿವಿ ಗಪ್ಪೆಂದು ಮುಚ್ಚಿಕೊಂಡವು. ನಮ್ಮಾಕೆ ಪೆಪ್ಪರ್‌ಮೆಂಟ್ ಚೀಪುತ್ತಿದ್ದಳು, ಅವಳಿಗೆ ಏನೂ ಆಗಲಿಲ್ಲ. ನಾನು ದವಡೆ ಆಡಿಸಿ, ಆಕಳಿಸಿ, ಹೊನ್ನಾವರ ಬರುವ ಹೊತ್ತಿಗೆ ಒಂದು ಕಿವಿ ಬಿಡಿಸಿಕೊಂಡೆ. ಘಟ್ಟವನ್ನೇ ತಾಳದ ಕಿವಿ ಸಮುದ್ರವನ್ನು ಹೇಗೆ ತಾಳೀತು ಎಂದು ಭೌತಶಾಸ್ತ್ರದ ಮೇಷ್ಟ್ರು ಅಲ್ಲಿಯೇ ಲೆಕ್ಕ ಹಾಕಬೇಕಿತ್ತು. ಹಾಕಿದ್ದು ವಾಪಸ್ ಬಂದ ಮೇಲೆ, ಕಿವಿ ಡಾಕ್ಟರ ಬಾಗಿಲಲ್ಲಿ ಟೋಕನ್ ಹಿಡಿದು ಕೂತಾಗ. ನಾವು ಇಳಿದದ್ದು 500 ಮೀಟರಿಗೂ ಹೆಚ್ಚು. ಅಷ್ಟು ಇಳಿದರೆ ಗಾಳಿಯ ಒತ್ತಡ ಏರುವುದು ಶೇಕಡಾ 6ರ ಆಸುಪಾಸು. ಸಮುದ್ರದಲ್ಲಾದರೆ ಅಷ್ಟೇ ಏರಿಕೆಗೆ 60 ಸೆಂಟಿಮೀಟರ್ ಆಳ ಸಾಕು. ಅಂದರೆ ಇಡೀ ಘಟ್ಟ, ಅದರ ತಿರುವುಗಳು, ಮಂಗಗಳು, ಚಹಾದ ಅಂಗಡಿಗಳ ಸಮೇತ, ತೊಡೆಮಟ್ಟದ ನೀರಿಗೆ ಸಮ. ನನ್ನನ್ನು ಮರುದಿನ ಇಳಿಸಲಿದ್ದದ್ದು ಎರಡಾಳು ಮೂರಾಳು ನೀರಿಗೆ.

ಬೆಳಿಗ್ಗೆ ಒಂದು ಫಾರಂ ಕೊಟ್ಟರು. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ಮೂರ್ಛೆ ಬರುತ್ತದೆಯೇ, ಕಿವಿ ಸೋರುತ್ತದೆಯೇ, ಈಗ ನೆಗಡಿ ಇದೆಯೇ. ಮೂಗು ಏರಿಸಿಕೊಳ್ಳುತ್ತಲೇ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿದೆ. ನನಗೆ ಗೊತ್ತುಪಡಿಸಿದ್ದ ಇನ್‌ಸ್ಟ್ರಕ್ಟರ್ ಹುಡುಗ ಅಲ್ಲೇ ಸುತ್ತಮುತ್ತಲ ಊರಿನವನು, ಬಿಸಿಲಿಗೆ ಕಂದಿ ಗಟ್ಟಿಯಾದ ಮೈ. ಫಾರಂ ನೋಡಿ ನನ್ನ ಮೂಗು ನೋಡಿದ.

“ಸರ್, ನೆಗಡಿ ಉಂಟಾ?”

“ಇಲ್ಲಪ್ಪ. ಕಡಲ ಗಾಳಿ ಹೊಸದು ನೋಡು.”

ಕಡಲ ಗಾಳಿ ಹೊಸದಾದರೂ ಲಾಡ್ಜಿನ ಬಚ್ಚಲಲ್ಲಿ ಮೂಗಿಗೆ ಬಿಟ್ಟುಕೊಂಡು ಬಂದಿದ್ದ ಡ್ರಾಪ್ಸ್ ಹಳೆಯದೇ. ಅವನು ಪಾಪ, ಸಹಿಯನ್ನು ನಂಬಿದ. ಮೇಷ್ಟ್ರ ಸಹಿ.

ಆಮೇಲೆ ನನ್ನ ರಕ್ಷಣಾ ವ್ಯವಸ್ಥೆಯನ್ನು ಹೊರತೆಗೆದೆ. ಅಮ್ಮ ಕಟ್ಟಿಕೊಟ್ಟಿದ್ದ ಹತ್ತಿಯುಂಡೆ ಒಂದು ಜೊತೆ. ಸಾಲದ್ದಕ್ಕೆ ನಾನೇ ಕೊಂಡಿದ್ದ, ಈಜುಕೊಳದವರು ಹಾಕಿಕೊಳ್ಳುವ ರಬ್ಬರ್ ಬಿರಡೆ ಇನ್ನೊಂದು ಜೊತೆ. ಮೊದಲು ಹತ್ತಿ, ಅದರ ಮೇಲೆ ಬಿರಡೆ ಎಂಬುದು ನನ್ನ ಯೋಜನೆ. ಹುಡುಗ ಹೌಹಾರಿದ. “ಅಯ್ಯೋ, ಎಂತದು ಸರ್ ಇದು! ಕಿವಿಗೆ ಎಂತದೂ ಹಾಕೂಕಿಲ್ಲ ಮಾರಾಯ್ರೆ!” ಎಂದು ನಾಲ್ಕನ್ನೂ ಕಿತ್ತುಕೊಂಡು ಬಾನೆಟ್ಟಿನ ಮೇಲಿಟ್ಟ.

ಅವನು ಹೇಳಿದ್ದು ಸರಿಯೇ. ಕಿವಿಯನ್ನು ಕಾಪಾಡಬೇಕಾದ್ದು ನೀರಿನಿಂದ ಎಂದು ನಾವು ತಿಳಿದಿರುತ್ತೇವೆ, ನಿಜಕ್ಕೂ ಕಾಡುವುದು ಒತ್ತಡ. ಕಿವಿಯ ಹೊರದಾರಿಯಲ್ಲಿ ನೀರು ತುಂಬಿದರೆ ತಮಟೆಗೆ ಏನೂ ಆಗದು. ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ. ಆಳಕ್ಕೆ ಹೋದಂತೆ ಅಲ್ಲಿಯ ಗಾಳಿ ಬಾಯ್ಲ್ ಹೇಳಿದಂತೆ ಕುಗ್ಗುತ್ತದೆ, 0.1 ಮಿ.ಮೀ. ದಪ್ಪದ ತಮಟೆ ಒಳಕ್ಕೆ ಜಗ್ಗುತ್ತದೆ. ಹೊಸ ಗಾಳಿ ಗಂಟಲಿನ ಕಡೆಯಿಂದ ಬಂದು ಅದನ್ನು ಮತ್ತೆ ಸಮ ಮಾಡಬೇಕು. ಬಿರಡೆ ಜಡಿದರೆ ಬಿರಡೆಗೂ ತಮಟೆಗೂ ನಡುವೆ ಇನ್ನೊಂದು ಗಾಳಿಯ ಕೋಣೆ ಹುಟ್ಟುತ್ತದೆ. ಅದಕ್ಕೆ ಗಂಟಲಿನ ದಾರಿಯೂ ಇಲ್ಲ, ಹೊರಗಿನ ದಾರಿಯೂ ಇಲ್ಲ. ಇಳಿದಂತೆಲ್ಲ ನೀರು ಬಿರಡೆಯನ್ನೇ ಒಳಗೆ ಒತ್ತುತ್ತ ಹೋಗುತ್ತದೆ. ಸಿರಿಂಜಿನ ಬಾಯಿಗೆ ಬೆರಳು, ಹಿಂದಿನಿಂದ ಪಿಸ್ಟನ್. ನನ್ನದೇ ಪಾಠ.

ಮೊದಲ ಅಭ್ಯಾಸ ನೆಲದ ಮೇಲೆ. “ಮೂಗು ಹಿಡಿಯಿರಿ, ಬಾಯಿ ಮುಚ್ಚಿ, ಮೆತ್ತಗೆ ಊದಿ. ಕಿವಿಯೊಳಗೆ ಟಿಕ್ ಅಂತದೆ. ಅಷ್ಟೇ” ಎಂದ ಹುಡುಗ. ಅದಕ್ಕೆ ಅವರು ‘ಈಕ್ವಲೈಸ್’ ಎನ್ನುತ್ತಾರೆ. ಅವನ ಮಾತಿನಲ್ಲಿ ‘ಮೆತ್ತಗೆ’ ಎಂಬುದು ನನಗೆ ಕೇಳಿಸಲಿಲ್ಲ, ‘ಊದಿ’ ಎಂಬುದು ಕೇಳಿಸಿತು. ಮೂರು ತಲೆಮಾರಿನ ಉಸಿರನ್ನು ಒಟ್ಟುಮಾಡಿ ಊದಿದೆ. ಕಣ್ಣ ಮುಂದೆ ಕಾಮನಬಿಲ್ಲು ಬಂತು.

“ಶಂಖ ಊದೂದಲ್ಲ ಸರ್!” ಎಂದ.

ಅವನಿಗೆ ನಮ್ಮ ವಂಶದ ಚರಿತ್ರೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ. ಆದರೂ ನನಗೆ ಒಳಗೊಳಗೇ ಸಂತೋಷವಾಯಿತು. ಗುರುತಿಸಿದನಲ್ಲ.

ನಮ್ಮಾಕೆಗೆ ಊದಲು ಬರಲೇ ಇಲ್ಲ. ಮೂಗು ಹಿಡಿದರೆ ನಗು, ನಗು ಬಂದರೆ ಉಸಿರೆಲ್ಲ ಬಾಯಿಂದ. ಅವಳಿಗೆ ಈಜೂ ಬಾರದು. “ಅಕ್ಕಾ, ನೋವು ಬಂದ ಮೇಲೆ ಮಾಡೂದಲ್ಲ, ಬರೂಕೆ ಮುಂಚೆಯೇ ಮಾಡಬೇಕು. ಅರ್ಧ ಮೀಟರ್ ಇಳಿದರೆ ಒಂದು ಸಲ. ಆಗದಿದ್ರೆ ಸ್ವಲ್ಪ ಮೇಲೆ ಬರೂದು, ಮತ್ತೆ ಮಾಡೂದು. ಗಡಿಬಿಡಿ ಇಲ್ಲ” ಎಂದು ಅವನು ಅವಳಿಗೆ ವಿವರಿಸುತ್ತಿದ್ದ. ಆಮೇಲೆ ಕೈಸನ್ನೆಗಳ ಪಾಠ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ‘ಸರಿಯಿದ್ದೇನೆ’. ಅಂಗೈ ಅಡ್ಡ ಹಿಡಿದು ಅಲುಗಿಸಿ ಕಿವಿ ತೋರಿಸಿದರೆ ‘ಕಿವಿಯಲ್ಲಿ ತೊಂದರೆ’. ಹೆಬ್ಬೆರಳು ಮೇಲೆತ್ತಿದರೆ ‘ಮೇಲಕ್ಕೆ ಹೋಗೋಣ’. ಆ ಹೊತ್ತಿನಲ್ಲಿ ನಾನು ವೆಟ್‌ಸೂಟಿನೊಳಗೆ ಹೊಟ್ಟೆ ಎಳೆದುಕೊಂಡು ಭಾವಮೈದುನನ ಮೊಬೈಲಿಗೆ ಮೂರು ಭಂಗಿಗಳಲ್ಲಿ ನಿಲ್ಲುತ್ತಿದ್ದೆ.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ದೋಣಿ ಹೊರಟ ಮೇಲೆ 123 ಅಡಿಯ ಶಿವ ಬಹಳ ಹೊತ್ತು ನಮ್ಮನ್ನು ನೋಡುತ್ತಲೇ ಇದ್ದ. ನಮ್ಮಾಕೆ ಅವನಿಗೆ ಕೈ ಮುಗಿದು ಕೂತಿದ್ದಳು. ಒಂದು ಕಾಲಕ್ಕೆ ನೌಕಾಪಡೆಯವರು ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿ ಮಾಡಿಕೊಂಡಿದ್ದರು ಎಂದು ಭಾವಮೈದುನ ಉತ್ಸಾಹದಿಂದ ತಿಳಿಸಿದ. ಅದನ್ನು ಕೇಳಿದ ಮೇಲೆ ಅವಳು ಎಂಜಲು ನುಂಗುವುದು ಇನ್ನೂ ಹೆಚ್ಚಾಯಿತು. ಗುಟುಕ್, ಗುಟುಕ್ ಎಂದು ಪಕ್ಕದಲ್ಲಿ ಕೂತ ನನಗೇ ಕೇಳುತ್ತಿತ್ತು. “ಹೆದರಬೇಡ, ನಾನಿದ್ದೇನೆ” ಎಂದೆ. ಅವಳು ನನ್ನತ್ತ ನೋಡಿ ಮತ್ತೊಂದು ಗುಟುಕು ನುಂಗಿದಳು.

ನೀರಿಗಿಳಿದೆವು. ಅವಳು ಒಬ್ಬ ಹುಡುಗನ ಜೊತೆ ಹಗ್ಗ ಹಿಡಿದು ಇಂಚಿಂಚೇ ಇಳಿದು ಹೋದಳು. ನನ್ನನ್ನು ನನ್ನ ಹುಡುಗ ಬೆನ್ನಿನ ಸಿಲಿಂಡರ್ ಹಿಡಿದು ಇಳಿಸತೊಡಗಿದ. ತಲೆ ಮುಳುಗಿ ಒಂದು ಗಜ ಹೋಗಿರಲಿಲ್ಲ, ಎರಡೂ ಕಿವಿಯನ್ನು ಯಾರೋ ಒಳಗಿನಿಂದ ಎಳೆದು ಹಿಡಿದ ಹಾಗಾಯಿತು. ಹುಡುಗ ಬೆರಳಿನ ಸೊನ್ನೆ ಮಾಡಿ ‘ಸರಿಯಾ?’ ಎಂದ. ಅದೇ ಸಮಯಕ್ಕೆ ಕಾಲೇಜು ಹುಡುಗಿಯೊಬ್ಬಳು ಮೀನು ನೋಡುತ್ತ ನಿರಾಳವಾಗಿ ನನ್ನ ಪಕ್ಕದಿಂದ ಇಳಿದು ಹೋದಳು. ನಾನೂ ಸೊನ್ನೆ ಮಾಡಿದೆ. ಅದು ನಾನೇ ಪರೀಕ್ಷೆಗೆ ಕೂತಿದ್ದರೆ ಬರಬಹುದಾಗಿದ್ದ ಅಂಕ ಎಂದು ಈಗ ಅನ್ನಿಸುತ್ತದೆ.

‘ಇದು ಮೇಲಿನ ನೀರು, ಒಳಗೆ ಹೋದರೆ ಸರಿಹೋದೀತು’ ಎಂಬುದು ನನ್ನ ತರ್ಕ. ಬಾಯ್ಲ್ ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಮೇಲ್ಮೈಯಿಂದ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿ, ಕಿವಿಯ ಗಾಳಿ ಅರ್ಧ. ಅದೇ 20 ಮೀಟರಿನಿಂದ 30ಕ್ಕೆ ಇಳಿದರೆ ಮೂರನೇ ಒಂದು ಭಾಗವಾಗಿದ್ದದ್ದು ನಾಲ್ಕನೇ ಒಂದಾಗುತ್ತದೆ, ಅಷ್ಟೇ. ಕಿವಿಗೆ ಅತ್ಯಂತ ಕಷ್ಟದ ಹಾದಿ ಎಂದರೆ ಮೊದಲ ಕೆಲವು ಮೀಟರ್. ಪಳಗಿದವರು ಮೂವತ್ತು ಮೀಟರಿನಲ್ಲಿ ಆರಾಮಾಗಿರುತ್ತಾರೆ, ಹೊಸಬ ಒಂದಾಳು ನೀರಿನಲ್ಲಿ ಒದ್ದಾಡುತ್ತಾನೆ.

ಎರಡಾಳು ಆಳ ಬರುವ ಹೊತ್ತಿಗೆ ನೋವು ಕಿವಿಯಿಂದ ಹಲ್ಲಿಗೆ, ಹಲ್ಲಿನಿಂದ ಹಣೆಗೆ ಹಬ್ಬಿತು. ಆಗ ನೆನಪಾಯಿತು, ಊದಬೇಕು. ಮೂಗು ಹಿಡಿದು ಊದಿದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಊದಿದೆ. ಕೆನ್ನೆ ಉಬ್ಬಿತು, ಮಾಸ್ಕು ಮುಖದಿಂದ ಏಳುವಂತಾಯಿತು, ಕಿವಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಗಂಟಲಿಗೂ ಕಿವಿಗೂ ನಡುವೆ ಇರುವ ಯೂಸ್ಟೇಶಿಯನ್ ನಾಳ ಸುಮಾರು 35 ಮಿ.ಮೀ. ಉದ್ದದ್ದು, ಗಂಟಲ ಕಡೆ ಅದರ ಬಾಯಿ ಮೆತ್ತನೆಯದು. ಏರುವಾಗ ಒಳಗಿನ ಗಾಳಿ ತಾನೇ ದಾರಿ ಮಾಡಿಕೊಂಡು ಹೊರಬೀಳುತ್ತದೆ. ಇಳಿಯುವಾಗ ನಾವೇ ತೆರೆದುಕೊಡಬೇಕು, ಅದೂ ಸಮಯಕ್ಕೆ ಸರಿಯಾಗಿ. ತಡಮಾಡಿದರೆ ಹೊರಗಿನ ಒತ್ತಡಕ್ಕೆ ಆ ಬಾಯಿ ಅಮುಕಿಕೊಂಡು ಬೀಗ ಬೀಳುತ್ತದೆ. ಸಿಟಿ ಬಸ್ಸಿನ ಒಳಮಡಚುವ ಬಾಗಿಲಿಗೆ ಜನ ಒರಗಿ ನಿಂತ ಮೇಲೆ ಹೊರಗಿನಿಂದ ಎಷ್ಟು ದೂಡಿದರೂ ಅದು ತೆರೆಯುವುದಿಲ್ಲ. ಒಳಗಿನವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಇಲ್ಲಿ ಆ ಒಂದು ಹೆಜ್ಜೆ ಎಂದರೆ ಒಂದು ಮೀಟರ್ ಮೇಲೇರುವುದು. ಹುಡುಗ ಅದನ್ನು ನೆಲದ ಮೇಲೆ ಹೇಳಿದ್ದ, ನಮ್ಮಾಕೆಗೆ. ನಾನು ಭಂಗಿಯಲ್ಲಿದ್ದೆ.

ಕೊನೆಗೆ ರಥೋತ್ಸವದ ಶಂಖವನ್ನೇ ಊದಿದೆ. ಬಲಗಿವಿಯಲ್ಲಿ ಕುಂಯ್ ಎಂದು ಸದ್ದಾಗಿ ಏನೋ ತೆರೆಯಿತು. ಎಡಗಿವಿ ತೆರೆಯಲಿಲ್ಲ. ಎರಡು ಕಿವಿಗಳಲ್ಲಿ ಎರಡು ಒತ್ತಡವಿದ್ದರೆ ಸಮತೋಲ ಕಾಯುವ ಒಳಗಿವಿ ಗೊಂದಲಕ್ಕೆ ಬೀಳುತ್ತದೆ ಎಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ: ನೇತ್ರಾಣಿ ದ್ವೀಪ ಬುಡಸಮೇತ ಎಡಕ್ಕೆ ತಿರುಗತೊಡಗಿತು. ಹವಳದ ಬಂಡೆ ತಲೆಯ ಮೇಲೆ ಹೋಯಿತು. ಹಳದಿ ಮೀನುಗಳ ಗುಂಪೊಂದು ಗೋಡೆ ಹತ್ತುತ್ತಿತ್ತು.

ನಾನು ಎರಡೂ ಕೈಯಿಂದ ಎರಡೂ ಕಿವಿ ಹಿಡಿದುಕೊಂಡೆ. ಮೊಣಕಾಲು ತಾವಾಗಿಯೇ ಮಡಚಿದವು. ಹುಡುಗ ನನ್ನನ್ನೇ ದಿಟ್ಟಿಸಿ ನೋಡಿದ. ಅವನು ಹೇಳಿಕೊಟ್ಟ ಸನ್ನೆಗಳ ಪಟ್ಟಿಯಲ್ಲಿ ಇದು ಇರಲಿಲ್ಲ. ಗಾಬರಿ ಬೇಡಪ್ಪ, ಒಂದು ನಿಮಿಷ ಸುಧಾರಿಸಿಕೊಳ್ಳುತ್ತೇನೆ, ಎಲ್ಲ ಸರಿಯಿದೆ ಎಂದು ಸೂಚಿಸಲು ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ತಕ್ಷಣ ನನ್ನನ್ನು ಮೇಲಕ್ಕೆ ಕರೆತಂದ. ನನ್ನ ಜೀವನದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಒಂದು ಸ್ಕೂಬಾ ಸನ್ನೆ, ಅದೂ ತಪ್ಪರ್ಥದಲ್ಲಿ.

“ಕಿವಿ ಹಿಡಿದು ಬಸ್ಕಿ ಹೊಡೀತಾ ಇದ್ರಿ ಸರ್. ಹರಕೆ ಉಂಟೋ ಎಂತದೋ ಅಂತ ಅಂದ್ಕೊಂಡೆ” ಎಂದ ದೋಣಿಯಲ್ಲಿ. ಮಾಸ್ಕ್ ತೆಗೆದರೆ ಒಳಗೆ ಮೂಗಿನಿಂದ ಬಂದ ಒಂದಿಷ್ಟು ರಕ್ತ. ಅದನ್ನು ನೋಡಿ ಅವನ ಮುಖದ ನಗು ಹೋಯಿತು. ಇವತ್ತಿಗೆ ಮುಗಿಯಿತು, ಇನ್ನು ನೀರಿಗಿಳಿಯುವಂತಿಲ್ಲ, ಊರಿಗೆ ಹೋದವರೇ ಕಿವಿ ಡಾಕ್ಟರಿಗೆ ತೋರಿಸಿ ಎಂದು ಖಡಾಖಂಡಿತ ಹೇಳಿದ. ದೋಣಿಯ ಮೂಲೆಯಲ್ಲಿ ಡೀಸೆಲ್ ವಾಸನೆ ಕುಡಿಯುತ್ತ ಕೂತೆ.

ನಮ್ಮಾಕೆ ಪೂರ್ತಿ ಅವಧಿ ಮುಗಿಸಿಕೊಂಡೇ ಬಂದಳು. ಕಣ್ಣಲ್ಲಿ ಮಿಂಚು. “ರೀ, ಗಿಳಿಮೀನು ಹವಳ ಕಚ್ಚೋ ಕಟಕಟ ಸದ್ದು ಕೇಳಿಸ್ತು ಗೊತ್ತಾ!” ನನಗೆ ಅವಳ ಮಾತೇ ಅರ್ಧ ಕೇಳಿಸುತ್ತಿತ್ತು, ಅದೂ ಬಲಗಿವಿಯಿಂದ. “ಕಿವಿ ನೋಯಲಿಲ್ಲವಾ?” ಎಂದೆ. “ಇಲ್ವಲ್ಲ. ನಂಗೆ ಊದೋಕೆ ಬರಲ್ಲ ಅಂತ ಆ ಹುಡುಗ ಮೂಗು ಹಿಡ್ಕೊಂಡು ಎಂಜಲು ನುಂಗಿ ಅಕ್ಕ ಅಂದ. ಹೆದರಿಕೆಗೆ ಹೇಗೂ ನುಂಗ್ತಾನೇ ಇದ್ನಲ್ಲ.”

ವಾಪಸ್ ಘಟ್ಟ ಹತ್ತುವಾಗ ಅವಳು ನನ್ನ ಎಡಕ್ಕೆ ಕೂತು ಸಮುದ್ರದೊಳಗಿನ ಸಂಗತಿಗಳನ್ನೆಲ್ಲ ವಿವರವಾಗಿ ಹೇಳಿದಳಂತೆ. ನಾನು ತಲೆಯಾಡಿಸುತ್ತಿದ್ದೆ. ಸಾಗರದಲ್ಲಿ ಕಾಫಿಗೆ ನಿಂತಾಗ, “ಈ ಕಿವಿ ಕೇಳ್ತಾ ಇರಲಿಲ್ಲ” ಎಂದೆ. “ಅದಕ್ಕೂ ಮುಂಚೆ ಯಾವಾಗ ಕೇಳ್ತಿತ್ತು?” ಎಂದಳು.

ಮನೆಯಲ್ಲಿ ಅಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿಟ್ಟಿದ್ದಳು. ಪುಣ್ಯಕ್ಕೆ ಅದು ಆರುವ ಮೊದಲು ಡಾಕ್ಟರ ಟೋಕನ್ ಸಿಕ್ಕಿತು. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ಒಳಗೆ ಹೋಗುತ್ತದೆ, ನೋಡದೆ ಒಂದು ಹನಿಯೂ ಬಿಡಬಾರದು ಎಂದರು ಡಾಕ್ಟರು. ದೀಪದ ಕೊಳವೆಯಿಂದ ಎಡಗಿವಿ ಇಣುಕಿ ನೋಡಿ, “ಪರದೆ ಕೆಂಪಗೆ ಕಂದಿದೆ, ಹಿಂದೆ ನೀರು ಕಟ್ಟಿದೆ. ಹರಿದಿಲ್ಲ. ಹೇಗೆ ಮಾಡ್ಕೊಂಡ್ರಿ?” ಎಂದು ಕೇಳಿದರು. ಹೇಳಿದೆ. ಶಂಖದ ವಿಷಯವನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಡಾಕ್ಟರು ಕುರ್ಚಿಗೆ ಒರಗಿದರು. ಮೂಗು ಹಿಡಿದು ಊದುವ ಉಪಾಯ ಇಟಲಿಯ ಆಂತೋನಿಯೋ ವಾಲ್ಸಾಲ್ವಾನದು, 1704ರ ಅವನ ಕಿವಿಶಾಸ್ತ್ರದ ಗ್ರಂಥದಲ್ಲಿದೆ. ಮುಳುಗುವವರಿಗಾಗಿ ಅವನು ಅದನ್ನು ಹೇಳಿದ್ದಲ್ಲ, ಕಿವಿಯೊಳಗಿನ ಕೀವನ್ನು ಹೊರದೂಡಲು. “ನೀವು ಊದಿದ್ದು ನೋಡಿದ್ದರೆ ಆತ ತನ್ನ ಹೆಸರು ವಾಪಸ್ ತಗೋತಿದ್ದ” ಎಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೆರ್ಮನ್ ಫ್ರೆಂಜೆಲ್ ಎಂಬ ಜರ್ಮನ್ ವೈದ್ಯ ನೆಲದತ್ತ ಎರಗಿ ಬಾಂಬು ಹಾಕುವ ವಿಮಾನದವರಿಗೆ ನಾಲಿಗೆಯ ಬುಡವನ್ನಷ್ಟೇ ಬಳಸಿ ಗಾಳಿ ತಳ್ಳುವುದನ್ನು ಕಲಿಸಿದ, ಅದಕ್ಕೆ ಶ್ವಾಸಕೋಶವೇ ಬೇಡ. ಶ್ವಾಸಕೋಶವೇ ಬೇಡ ಎಂದಾಗ ನಮ್ಮ ಅಜ್ಜನ ಮುಖ ಕಣ್ಣ ಮುಂದೆ ಬಂತು.

“ನಿಮ್ಮ ಮನೆಯವರು ಮಾಡಿದ್ದು ಟಾಯ್ನ್‌ಬಿಯದು. ಮೂಗು ಹಿಡಿದು ನುಂಗುವುದು. ನುಂಗುವಾಗ ಗಂಟಲಿನ ಸ್ನಾಯುವೇ ನಾಳವನ್ನು ಎಳೆದು ತೆರೆಯುತ್ತೆ, ಬಲವಂತ ಇಲ್ಲ” ಎಂದರು. ಜೋಸೆಫ್ ಟಾಯ್ನ್‌ಬಿ ಲಂಡನ್ನಿನ ಕಿವಿವೈದ್ಯ. 1866ರಲ್ಲಿ, ಕಿವಿಯ ಮೊರೆತಕ್ಕೆ ಮದ್ದಾದೀತೇ ಎಂದು ಕ್ಲೋರೋಫಾರ್ಮಿನ ಜೊತೆ ಪ್ರೂಸಿಕ್ ಆಮ್ಲದ ಆವಿಯನ್ನು ತನ್ನ ಮೇಲೇ ಪ್ರಯೋಗಿಸಿಕೊಂಡು ತೀರಿಕೊಂಡ. ಇಷ್ಟಕ್ಕೆ ಎದೆಗುಂದದ ನನ್ನನ್ನು ನೋಡಿ ಡಾಕ್ಟರು ದನಿ ಇಳಿಸಿದರು. ತಮಟೆ ಹರಿದರೂ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಬೀಗ ಬಿದ್ದ ಕಿವಿಯ ಮೇಲೆ ಜೋರಾಗಿ ಊದಿದರೆ ಒಳಗಿವಿಯ ಪೊರೆಯೇ ಸೀಳಬಹುದು, ಆಮೇಲೆ ಬರುವ ಕಿವುಡಿಗೆ ಕೆಲವೊಮ್ಮೆ ಮದ್ದಿಲ್ಲ. ಮೂಗಿನ ಡ್ರಾಪ್ಸಿನ ಸಂಗತಿ ತಿಳಿದಾಗ ಅವರಿಗೆ ನಿಜಕ್ಕೂ ಸಿಟ್ಟು ಬಂತು. ನೀರಿನಡಿ ಇರುವಾಗಲೇ ಮದ್ದಿನ ಗುಣ ಇಳಿದರೆ ನಾಳ ಮತ್ತೆ ಬಾತುಕೊಳ್ಳುತ್ತದೆ, ಮೇಲೇರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಸಿಗುವುದಿಲ್ಲ. ಇಳಿಯದಿದ್ದರೆ ಮೇಲೆ ಉಳಿಯಬಹುದು, ಏರಲಾಗದಿದ್ದರೆ ಏನು ಮಾಡುತ್ತಿದ್ದಿರಿ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಾನು ತರಗತಿಯಲ್ಲಿ ಕಿವಿ ಹಿಂಡಿ ನಿಲ್ಲಿಸುತ್ತಿದ್ದ ಹುಡುಗರೂ ಹೀಗೆಯೇ ನಿಲ್ಲುತ್ತಿದ್ದರು.

ವಾಸಿಯಾಗುವವರೆಗೆ ವಿಮಾನ ಬೇಡ, ಮುಳುಗು ಬೇಡ, ಮೂಗು ಜೋರಾಗಿ ಸೀಟುವುದೂ ಬೇಡ, ಶಂಖವಂತೂ ಬೇಡವೇ ಬೇಡ ಎಂದು ಚೀಟಿ ಬರೆದರು. ಆ ವರ್ಷದ ರಥೋತ್ಸವಕ್ಕೆ ದೇವಸ್ಥಾನದವರು ಮೈಕಿನಲ್ಲಿ ರೆಕಾರ್ಡ್ ಹಾಕಿದರು. ಚೆನ್ನಾಗಿತ್ತು ಎಂದು ನಾಲ್ಕಾರು ಜನ ನನಗೇ ಬಂದು ಹೇಳಿದರು.

ನೀರಿನಡಿಯ ವಿಡಿಯೋ ಪ್ಯಾಕೇಜಿನಲ್ಲೇ ಸೇರಿತ್ತು. ನಮ್ಮಾಕೆಯದರಲ್ಲಿ ಮೀನು, ಹವಳ, ಬೆಳಕು, ನಡುವೆ ಕೈಬೀಸುವ ಅವಳು. ನನ್ನದರಲ್ಲಿ ನಾನೊಬ್ಬನೇ, ಕಣ್ಣು ಮಾಸ್ಕಿನ ಗಾಜಿಗೆ ಅಂಟುವಷ್ಟು ಹೊರಬಂದು, ಎರಡೂ ಕಿವಿ ಹಿಡಿದು ಮೆಲ್ಲಗೆ ಕುಕ್ಕರಿಸುತ್ತಿದ್ದೇನೆ. ಭಾವಮೈದುನ ಎರಡನ್ನೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ತೀರ್ಥಹಳ್ಳಿಯ ದೊಡ್ಡಪ್ಪ ನನ್ನದನ್ನು ನೋಡಿ ಕೈ ಮುಗಿದ ಗುರುತು ಕಳಿಸಿದರು. ನಮ್ಮಾಕೆ ಈಗ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಪೂರ್ತಿ ಕೋರ್ಸು ಮಾಡುವ ಯೋಚನೆಯಲ್ಲಿದ್ದಾಳೆ. ದಡದಲ್ಲಿ ಬ್ಯಾಗು ಕಾಯಲು ಒಬ್ಬರು ಬೇಕಂತೆ.

ಕಿವಿ ವಾಸಿಯಾದ ಮೇಲೆ ಡಾಕ್ಟರು ಒಂದು ಅಭ್ಯಾಸ ಹೇಳಿದರು: ದಿನಕ್ಕೆ ನಾಲ್ಕಾರು ಸಲ ಮೂಗು ಹಿಡಿದು, ಬಾಯಿ ಮುಚ್ಚಿ, ನಿಧಾನವಾಗಿ ನುಂಗಬೇಕು. ಊದುವಂತಿಲ್ಲ. ನನಗೆ ಇದಕ್ಕೆ ಪುರುಸೊತ್ತು ಸಿಗುವುದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ. ನನ್ನ ಎದುರು ಕುರ್ಚಿಯಲ್ಲಿ ಕನ್ನಡದ ಮೇಡಂ ಕೂರುತ್ತಾರೆ. ಅವರು ಮೂಲಂಗಿ ಹುಳಿಯ ಡಬ್ಬಿ ಬಿಚ್ಚುವ ಹೊತ್ತಿಗೂ, ನಾನು ಕಣ್ಣು ಮುಚ್ಚಿ ಮೂಗು ಹಿಡಿದು ಕಷ್ಟಪಟ್ಟು ಎಂಜಲು ನುಂಗುವ ಹೊತ್ತಿಗೂ ಸರಿಯಾಗಿ ತಾಳೆಯಾಗುತ್ತಿತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ದಿನ ಅವರ ಕುರ್ಚಿ ಖಾಲಿಯಿತ್ತು. ವಿಚಾರಿಸಿದರೆ, ಮೇಡಂ ಈಗ ಊಟ ಮಾಡುವುದು ಕೆಮಿಸ್ಟ್ರಿ ಲ್ಯಾಬಿನಲ್ಲಂತೆ, ಹೈಡ್ರೋಜನ್ ಸಲ್ಫೈಡ್ ಪಕ್ಕದಲ್ಲಿ.